ಹಳೇ ವರ್ಕ್‌ಸ್ಟೇಷನ್‌ಗೆ ದುಡ್ಡು ಹಾಕೋದಾ, ಹೊಸದು ತರೋದಾ? ಉದ್ಯಮಬಾಗದ ಒಂದು ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್ ಇದೆ. ಹೆಸರು ಬೇಡ. ಮಾಲೀಕರನ್ನು ಇಲ್ಲಿ ಸಾವಕಾರರು ಅಂತ ಕರೆಯುತ್ತೇನೆ, ಶಾಪಿನಲ್ಲೂ ಎಲ್ಲರೂ ಹಾಗೇ ಕರೆಯುತ್ತಾರೆ. ಗುರುತು ಸಿಗಬಾರದು ಅಂತ ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಕಂಪ್ಯೂಟರಿನ ವಿಷಯ, ಯಾವ ನಿರ್ಧಾರ ಯಾಕೆ ಆಯಿತು ಅನ್ನೋದು ಮಾತ್ರ ಇದ್ದ ಹಾಗೇ ಇದೆ. ನಾನು ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು, ಅಷ್ಟೇ. ಇಂಥ ಶಾಪ್‌ಗಳು ನಮ್ಮ ಊರಲ್ಲಿ ಬಹಳ ಇವೆ. ಇದೇ ಪ್ರಶ್ನೆ ಬೇರೆಯವರಿಗೂ ಬರುತ್ತಿದೆ, ಅದಕ್ಕೇ ಬರೆದಿಡೋಣ ಅನ್ನಿಸಿತು.

ಹಿನ್ನೆಲೆ

ಮೂರು ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಕೆತ್ತುವ ಮಷಿನ್), ಎರಡು ಸಿಎನ್‌ಸಿ ಲೇತ್ ಇರುವ ಶಾಪ್. ಸುತ್ತಲಿನ ಫೌಂಡ್ರಿಗಳಿಂದ ಪಂಪ್ ಬಾಡಿ, ವಾಲ್ವ್ ಬಾಡಿ, ಗೇರ್ ಕೇಸ್ ಅಂತ ಕ್ಯಾಸ್ಟಿಂಗ್ ಬರುತ್ತವೆ, ಇವರು ಮಷಿನಿಂಗ್ ಮಾಡಿ ಕೊಡುತ್ತಾರೆ. ಜೊತೆಗೆ ಫೌಂಡ್ರಿಗೆ ಬೇಕಾದ ಪ್ಯಾಟರ್ನ್‌ಗಳನ್ನೂ (ಎರಕದ ಅಚ್ಚು ಮಾಡಲು ಬೇಕಾದ ಮಾದರಿ) ವಿಎಂಸಿಯಲ್ಲೇ ಕೆತ್ತುತ್ತಾರೆ. ಕಂಪ್ಯೂಟರಿಗೆ ನಿಜವಾದ ಹೊರೆ ಬೀಳುವುದು ಈ ಪ್ಯಾಟರ್ನ್ ಕೆಲಸದಲ್ಲಿ. ಸರ್ಫೇಸ್ ಎಲ್ಲ ವಕ್ರ, ಟೂಲ್ ಸಣ್ಣ ಬಾಲ್ ನೋಸ್ (ಗುಂಡು ತುದಿಯದು), ಸ್ಟೆಪ್‌ಓವರ್ (ಎರಡು ಓಟದ ನಡುವಿನ ಅಂತರ) ಕಡಿಮೆ. ಒಂದು ಪ್ರೋಗ್ರಾಂ ಅಂದರೆ ಲಕ್ಷಗಟ್ಟಲೆ ಸಾಲು.

ಕ್ಯಾಡ್ (ಡಿಸೈನ್ ಮಾಡುವ ಸಾಫ್ಟ್‌ವೇರ್) ಮತ್ತು ಕ್ಯಾಮ್ (ಆ ಡಿಸೈನಿನಿಂದ ಮಷಿನ್‌ಗೆ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್) ಎರಡೂ ಓಡುತ್ತಿದ್ದದ್ದು ಒಂದೇ ವರ್ಕ್‌ಸ್ಟೇಷನ್‌ನಲ್ಲಿ, ಅಂದರೆ ಇಂಥ ಭಾರದ ಕೆಲಸಕ್ಕೇ ಮಾಡಿದ ಕಂಪ್ಯೂಟರಿನಲ್ಲಿ. 2017ರಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ದೊಡ್ಡ ಕಂಪನಿಗಳು ಲೀಸ್ ಮುಗಿದ ಮೇಲೆ ವಾಪಸ್ ಕೊಟ್ಟ ಮಷಿನ್‌ಗಳು ಬೆಂಗಳೂರಿನ ಡೀಲರ್‌ಗಳ ಹತ್ತಿರ ರಾಶಿ ಬೀಳುತ್ತವಲ್ಲ, ಅಂಥದ್ದು. ಒಳಗೆ ಇಂಟೆಲ್ ಝಿಯಾನ್ ಇ5-1620, ಅಂದರೆ 2012ರ ಪ್ರೊಸೆಸರ್, 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಲ್ಲ ಕೆಲಸದ ಸಾಲು), ಟರ್ಬೊದಲ್ಲಿ (ಗರಿಷ್ಠ ವೇಗದಲ್ಲಿ) 3.8 ಗಿಗಾಹರ್ಟ್ಸ್. 16 ಜಿಬಿ ಡಿಡಿಆರ್3 ಇಸಿಸಿ (ತಪ್ಪು ತಾನೇ ತಿದ್ದುವ) ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 2 ಜಿಬಿಯ ಕ್ವಾಡ್ರೊ ಕೆ2000 ಗ್ರಾಫಿಕ್ಸ್ ಕಾರ್ಡ್. ಆ ಕಾಲಕ್ಕೆ ಒಳ್ಳೆ ಮಷಿನ್, ಸಾವಕಾರರಿಗೆ ಐವತ್ತು ಸಾವಿರದೊಳಗೆ ಸಿಕ್ಕಿತ್ತು. ಎಂಟು ವರ್ಷ ದುಡಿಯಿತು. ಇದನ್ನು ಯಾರೂ ಮರೆಯಬಾರದು, ಯಾಕೆಂದರೆ ಮುಂದೆ ಎಲ್ಲರೂ ಅದನ್ನು ಬಯ್ಯಲು ಶುರು ಮಾಡಿದರು.

ತೊಂದರೆ

2025ರ ಬೇಸಿಗೆಯಲ್ಲಿ ಡಿಸೈನರ್ ಹುಡುಗ ಜೋರಾಗಿ ಹೇಳಲು ಶುರು ಮಾಡಿದ. "ಸಾವಕಾರ್ರ, ಫೈಲ್ ಓಪನ್ ಕೊಟ್ಟು ಚಾ ಕುಡದ್ ಬಂದ್ರೂ ಇನ್ನೂ ಸುತ್ತಾಕತ್ತಿರ್ತೈತಿ." ದೊಡ್ಡ ಅಸೆಂಬ್ಲಿ (ಹಲವು ಭಾಗ ಸೇರಿದ ಡಿಸೈನ್ ಫೈಲ್) ತೆರೆಯಲು ಆರು ನಿಮಿಷ. ಒಂದು ಡೈಮೆನ್ಷನ್ ಬದಲಿಸಿ ರೀಬಿಲ್ಡ್ (ಮಾಡೆಲನ್ನು ಮತ್ತೆ ಲೆಕ್ಕ ಹಾಕಿ ಕಟ್ಟುವುದು) ಕೊಟ್ಟರೆ ಮೂರು ನಿಮಿಷ. ಪ್ಯಾಟರ್ನ್‌ನ ಫಿನಿಶಿಂಗ್ ಟೂಲ್‌ಪಾತ್‌ಗೆ (ಟೂಲ್ ಓಡಬೇಕಾದ ದಾರಿಯ ಲೆಕ್ಕ) ನಲವತ್ತು ನಿಮಿಷದ ಮೇಲೆ. ನಡುವೆ ಮಾಡೆಲ್ ತಿರುಗಿಸುವಾಗ ಸ್ಕ್ರೀನ್ ಕಪ್ಪಾಗಿ ಸಾಫ್ಟ್‌ವೇರ್ ಮುಚ್ಚಿಹೋಗುವುದು ಬೇರೆ.

ಸಾವಕಾರರ ಟೇಬಲ್ ಮೇಲೆ ಅಷ್ಟರಲ್ಲೇ ಮೂರು ಸಲಹೆ ಬಂದು ಕೂತಿದ್ದವು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ, "ಮಾಮಾ, ಗೇಮಿಂಗ್ ಪಿಸಿ ಅಸೆಂಬಲ್ ಮಾಡಿಸೂಣು, ಅರ್ಧ ರೇಟಿಗೆ ಡಬಲ್ ಸ್ಪೀಡ್" ಅಂದಿದ್ದ. ಒಬ್ಬ ಡೀಲರ್ ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್‌ಗೆ ಎರಡೂವರೆ ಲಕ್ಷದ ಹತ್ತಿರ ಕೊಟೇಶನ್ ಕಳಿಸಿದ್ದ. ಊರಿನ ಒಂದು ಅಂಗಡಿಯವರು, ಹೊಸದು ಯಾಕೆ, ಮೂವತ್ತು ಸಾವಿರ ಕೊಡಿ, ಇದಕ್ಕೇ ಹತ್ತು ಕೋರಿನ ಪ್ರೊಸೆಸರ್ ಹಾಕಿ ರ‍್ಯಾಮ್ ಏರಿಸಿ ಕೊಡುತ್ತೇವೆ ಅಂದಿದ್ದರು. ಸಾವಕಾರರು ಮೂರನ್ನೂ ನನ್ನ ಮುಂದೆ ಇಟ್ಟು, "ನೀವ ಹೇಳ್ರಿ, ಇದಕ್ಕ ರೊಕ್ಕ ಹಾಕೂದೋ, ಹೊಸಾದು ತರೂದೋ?" ಅಂದರು.

ಆ ಪ್ರಶ್ನೆಗೆ ಅಲ್ಲೇ ಉತ್ತರ ಹೇಳಿದ್ದರೆ ಅದು ನಾಲ್ಕನೇ ಸಲಹೆ ಆಗುತ್ತಿತ್ತು. ಮೂವರೂ ಬೆಲೆ ಹೇಳಿದ್ದರು. ಕಂಪ್ಯೂಟರ್ ಎಲ್ಲಿ ಕಾಯುತ್ತಿದೆ ಅಂತ ಒಬ್ಬರೂ ನೋಡಿರಲಿಲ್ಲ. ಕಾಯುವುದಕ್ಕೆ ಕಾರಣ ಡಿಸ್ಕ್ ಇರಬಹುದು, ರ‍್ಯಾಮ್ ಇರಬಹುದು, ಪ್ರೊಸೆಸರ್ ಇರಬಹುದು, ಬರೀ ಧೂಳು ಇರಬಹುದು. ಒಂದೊಂದಕ್ಕೂ ಖರ್ಚು ಬೇರೆ ಬೇರೆ. ಹಾಗಾಗಿ ಮೊದಲು ಅಳತೆ, ಆಮೇಲೆ ದುಡ್ಡು ಅಂತ ಮಾತಾಯಿತು. ಸಾವಕಾರರಿಗೆ ಇದನ್ನು ವಿವರಿಸುವುದು ಕಷ್ಟ ಆಗಲಿಲ್ಲ, ದಿನವಿಡೀ ಮೈಕ್ರೋಮೀಟರ್ ಹಿಡಿಯುವ ಜನ.

ಅಳತೆಯಲ್ಲಿ ಕಂಡದ್ದು

ವಿಶೇಷ ಸಾಫ್ಟ್‌ವೇರ್ ಏನೂ ಬೇಕಾಗಲಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್, ಉಷ್ಣತೆ ತೋರಿಸುವ ಒಂದು ಉಚಿತ ಪ್ರೋಗ್ರಾಂ, ಗೋಡೆ ಗಡಿಯಾರ. ಹುಡುಗನಿಗೆ ಎಂದಿನ ಕೆಲಸವನ್ನೇ ಮಾಡಲು ಹೇಳಿ ನೋಡುತ್ತಾ ಕೂತೆವು.

ಅಸೆಂಬ್ಲಿ ತೆರೆಯುವಾಗ ಡಿಸ್ಕ್ 100% ಮುಟ್ಟಿ ಅಲ್ಲೇ ನಿಲ್ಲುತ್ತಿತ್ತು, ಪ್ರೊಸೆಸರ್ ಸುಮ್ನೆ ಕೂತಿರುತ್ತಿತ್ತು. ಕ್ಯಾಡ್, ಕ್ಯಾಮ್, ಬ್ರೌಸರ್ ಮೂರೂ ತೆರೆದಿದ್ದರೆ 16 ಜಿಬಿ ರ‍್ಯಾಮ್ ಪೂರ್ತಿ ತುಂಬಿ, ಅದೇ ನಿಧಾನದ ಹಾರ್ಡ್ ಡಿಸ್ಕಿನ ಮೇಲೆ ಪೇಜಿಂಗ್ (ಹಿಡಿಸದ ಡೇಟಾವನ್ನು ಡಿಸ್ಕಿಗೆ ಹಾಕಿ ತೆಗೆಯುವುದು) ಶುರು. ಇದು ಮೊದಲ ರೋಗ.

ರೀಬಿಲ್ಡ್ ಕೊಟ್ಟಾಗ ಕಥೆ ಬೇರೆ. ಡಿಸ್ಕ್ ಖಾಲಿ, ಒಟ್ಟು ಸಿಪಿಯು ಬಳಕೆ ಬರೀ 13% ತೋರಿಸುತ್ತಿತ್ತು. ಅಕ್ಕನ ಮಗ ಅವತ್ತು ಅಲ್ಲೇ ಇದ್ದ. "ನೋಡ್ರಿ, ಪ್ರೊಸೆಸರ್ ಖಾಲಿ ಐತಿ, ಅದರದೇನೂ ತಪ್ಪಿಲ್ಲ" ಅಂದ. ಈ ಜಾಗದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. 8 ಥ್ರೆಡ್ ಇರುವ ಪ್ರೊಸೆಸರಿನಲ್ಲಿ ಒಂದೇ ಥ್ರೆಡ್ ಪೂರ್ತಿ ದುಡಿದರೆ ಒಟ್ಟು ಲೆಕ್ಕದಲ್ಲಿ ಬರುವುದು ಹನ್ನೆರಡೂವರೆ ಪರ್ಸೆಂಟ್. ಒಬ್ಬ ಮೇಸ್ತ್ರಿ ಬೆವರು ಸುರಿಸಿ ಗೋಡೆ ಕಟ್ಟುವಾಗ ಉಳಿದ ಏಳು ಜನ ನಿಂತು ನೋಡಿದ ಹಾಗೆ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ ಒಂದೊಂದಾಗಿ ತೋರಿಸುವ ಹಾಗೆ ಇಟ್ಟರೆ ಇದು ಕಣ್ಣಿಗೆ ಕಾಣುತ್ತದೆ. ಪಾರ್ಟ್ ಮಾಡೆಲ್‌ನ ಫೀಚರ್‌ಗಳು (ತೂತು, ಅಂಚು ಹೀಗೆ ಒಂದೊಂದು ಆಕಾರ) ಒಂದರ ಮೇಲೊಂದು ನಿಂತಿರುತ್ತವೆ. ಮೊದಲನೆಯದು ಮುಗಿಯದೆ ಎರಡನೆಯದು ಶುರುವಾಗುವುದಿಲ್ಲ. ಹಾಗಾಗಿ ರೀಬಿಲ್ಡ್‌ಗೆ ಬೇಕಾಗುವುದು ಒಂದು ಕೋರಿನ ವೇಗ, ಕೋರುಗಳ ಸಂಖ್ಯೆ ಅಲ್ಲ. ಟೂಲ್‌ಪಾತ್ ಲೆಕ್ಕ ಹಾಗಲ್ಲ. ಅಲ್ಲಿ ಎಂಟೂ ಥ್ರೆಡ್ ಮೇಲೇರುತ್ತಿದ್ದವು.

ಮೇಲೇರಿದ ಕೂಡಲೇ ಇನ್ನೊಂದು ವಿಷಯ ಗೊತ್ತಾಯಿತು. ಫ್ಯಾನ್ ಅರಚಲು ಶುರು, ಉಷ್ಣತೆ 90 ಡಿಗ್ರಿ ಆಸುಪಾಸು, ವೇಗ 3.6ರಿಂದ ಕೆಳಗೆ ಕೆಳಗೆ. ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ನಿಧಾನ ಆಗುತ್ತಿತ್ತು. ಎಷ್ಟೋ ದಿನದಿಂದ ಆ ಅರಚಾಟವನ್ನು "ಮಷಿನ್ ಮುದುಕ ಆತು" ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು.

ಮೊದಲ ಹಂತ: ಹಳೆಯದರ ಮೇಲೆ ಏನೇನು ಮಾಡಿದೆವು

ಸೈಡ್ ಪ್ಯಾನೆಲ್ ತೆಗೆದರೆ ಹೀಟ್‌ಸಿಂಕ್ ಕಾಣಿಸಲೇ ಇಲ್ಲ. ಬೀಡು ಕಬ್ಬಿಣದ ಕಪ್ಪು ಧೂಳು ಕೂಲೆಂಟ್ ಎಣ್ಣೆಯ ಜೊತೆ ಸೇರಿ ಕಂಬಳಿ ಆಗಿತ್ತು. ಇದು ಮನೆಯ ಧೂಳಲ್ಲ, ವಿದ್ಯುತ್ ಹರಿಸುವ ಧೂಳು, ಬೋರ್ಡ್ ಸುಡದೇ ಇದ್ದದ್ದೇ ಪುಣ್ಯ. ಶಾಪಿನ ಕಂಪ್ರೆಸರ್ ಪೈಪ್ ಹಿಡಿದು ಊದಲು ಒಬ್ಬ ಬಂದ, ಬೇಡ ಅಂದೆ. ಆ ಗಾಳಿಯಲ್ಲಿ ನೀರೂ ಇರುತ್ತದೆ, ಒತ್ತಡಕ್ಕೆ ಫ್ಯಾನ್ ಬೇರಿಂಗೂ ಹೋಗುತ್ತದೆ. ಬ್ರಷ್, ಸಣ್ಣ ಬ್ಲೋವರ್, ಐಸೊಪ್ರೊಪೈಲ್ ಆಲ್ಕೋಹಾಲ್, ಹೊಸ ಥರ್ಮಲ್ ಪೇಸ್ಟ್. ಖರ್ಚು ಸಾವಿರ ರೂಪಾಯಿಯೂ ಇಲ್ಲ. ಉಷ್ಣತೆ ಎಪ್ಪತ್ತರ ಕೆಳಗೆ ಇಳಿಯಿತು, ಟೂಲ್‌ಪಾತ್ ಸಮಯ ನಲವತ್ತೆರಡು ನಿಮಿಷದಿಂದ ಮೂವತ್ತೈದಕ್ಕೆ ಬಂತು. ಕಂಪ್ಯೂಟರನ್ನು ಗ್ರೈಂಡಿಂಗ್ ಕಡೆಯ ಗೋಡೆಯಿಂದ ಒಳಗಿನ ಕೋಣೆಗೆ ಸರಿಸಿದ್ದೂ ಅವತ್ತೇ.

ಆಮೇಲೆ ಎಸ್‌ಎಸ್‌ಡಿ. 1 ಟಿಬಿ ಸಾಟಾ ಎಸ್‌ಎಸ್‌ಡಿ ಆರು ಸಾವಿರದ ಹತ್ತಿರ. ಹಾಕಿದವರು ಡಿವಿಡಿ ಡ್ರೈವ್‌ನ ಕೇಬಲ್‌ಗೇ ಚುಚ್ಚಿ ಹೋಗಿದ್ದರು. ಓದುವ ವೇಗ ಸೆಕೆಂಡಿಗೆ 270 ಎಂಬಿ ಮೇಲೆ ಹೋಗಲಿಲ್ಲ. ಆ ತಲೆಮಾರಿನ ಇಂಟೆಲ್ ಚಿಪ್‌ಸೆಟ್‌ನಲ್ಲಿ ಎರಡು ಪೋರ್ಟ್ ಮಾತ್ರ 6 ಗಿಗಾಬಿಟ್, ಉಳಿದವು 3 ಗಿಗಾಬಿಟ್. ಸರಿಯಾದ ಪೋರ್ಟ್‌ಗೆ ಹಾಕಿದ ಮೇಲೆ 540 ಬಂತು. ಹಳೇ ಮಷಿನ್‌ಗೆ ಎಸ್‌ಎಸ್‌ಡಿ ಹಾಕಿಸುವವರು ಇದೊಂದನ್ನು ನೋಡಿಕೊಳ್ಳಿ. ಎಲ್ಲಿ ಹಾಕಿದರೂ ಹಾರ್ಡ್ ಡಿಸ್ಕಿಗಿಂತ ವೇಗ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ. ಅಕ್ಕನ ಮಗ ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ಹಾಕೋಣ, ಪಿಸಿಐ ಅಡಾಪ್ಟರ್ ಸಿಗುತ್ತದೆ ಅಂದ. ಸಿಗುತ್ತದೆ, ಆದರೆ ಆ ಮಷಿನ್‌ನ ಬಯೋಸ್ (ಕಂಪ್ಯೂಟರ್ ಶುರು ಮಾಡುವ ಮೂಲ ಪ್ರೋಗ್ರಾಂ) ಎನ್‌ವಿಎಂಇಯಿಂದ ಬೂಟ್ ಆಗುವುದಿಲ್ಲ. ಬರೀ ಡೇಟಾ ಡ್ರೈವ್ ಆಗಿ ಬಳಸಲು ಆ ಖರ್ಚು ಬೇಡ ಅಂತ ಬಿಟ್ಟೆವು.

ರ‍್ಯಾಮ್‌ನಲ್ಲಿ ಒಂದು ಎಡವಟ್ಟು ಆಯಿತು. ಹುಡುಗ ಆನ್‌ಲೈನ್‌ನಲ್ಲಿ ಬಹಳ ಅಗ್ಗಕ್ಕೆ ಕಂಡ 16 ಜಿಬಿಯ ಎರಡು ಇಸಿಸಿ ಸ್ಟಿಕ್ ತರಿಸಿದ. ಹಾಕಿದರೆ ಬೀಪ್, ಡಿಸ್‌ಪ್ಲೇ ಇಲ್ಲ. ಅವು ಸರ್ವರ್‌ಗಳಲ್ಲಿ ಬಳಸುವ ರಿಜಿಸ್ಟರ್ಡ್ ಮಾದರಿ, ಒಳಗಿದ್ದವು ಅನ್‌ಬಫರ್ಡ್. ಎರಡೂ ಡಿಡಿಆರ್3, ಎರಡೂ ಇಸಿಸಿ, ನೋಡಲು ಒಂದೇ ಥರ, ಆದರೆ ಒಟ್ಟಿಗೆ ಕೆಲಸ ಮಾಡುವುದಿಲ್ಲ. ವಾಪಸ್ ಕಳಿಸಿ, ಖಾಲಿ ಇದ್ದ ನಾಲ್ಕು ಸ್ಲಾಟ್‌ಗೆ 4 ಜಿಬಿಯ ನಾಲ್ಕು ಅನ್‌ಬಫರ್ಡ್ ಸ್ಟಿಕ್ ಸೆಕೆಂಡ್ ಹ್ಯಾಂಡ್ ತಂದು 32 ಜಿಬಿ ಮಾಡಿದೆವು. ಇದಕ್ಕೆ ಜಾಸ್ತಿ ಖರ್ಚು ಮಾಡಲು ನಾನು ಬಿಡಲಿಲ್ಲ. ಅದಕ್ಕೆ ಕಾರಣ ಈ ಪ್ರಕರಣದ ಪೂರ್ತಿ ಲೆಕ್ಕಾಚಾರದ ಬೇರು.

ಹಳೇ ಕಂಪ್ಯೂಟರಿಗೆ ಹಾಕುವ ದುಡ್ಡಿನಲ್ಲಿ ಎರಡು ಜಾತಿ. ಒಂದು, ನಾಳೆ ಹೊಸದು ತಂದರೆ ಅದಕ್ಕೂ ಹೋಗುವಂಥದ್ದು: ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಮಾನಿಟರ್, ಯುಪಿಎಸ್. ಇನ್ನೊಂದು, ಆ ಡಬ್ಬಿಯ ಜೊತೆಗೇ ಸಾಯುವಂಥದ್ದು: ಡಿಡಿಆರ್3 ರ‍್ಯಾಮ್, ಹಳೇ ಸಾಕೆಟ್‌ನ ಪ್ರೊಸೆಸರ್, ಆ ಕಂಪನಿಯ ಸ್ವಂತ ಅಳತೆಯ ಪವರ್ ಸಪ್ಲೈ. ಮೊದಲನೆಯದಕ್ಕೆ ಧೈರ್ಯವಾಗಿ ಹಾಕಬಹುದು, ಎರಡನೆಯದಕ್ಕೆ ಕೈ ಬಿಗಿ ಹಿಡಿದು ಹಾಕಬೇಕು. ಸಾವಕಾರರಿಗೆ ಇದು ತಕ್ಷಣ ಹಿಡಿಸಿತು. ಅವತ್ತಿನಿಂದ ಪ್ರತಿ ಖರ್ಚಿಗೂ "ಇದು ಹೊಸಾದಕ್ಕ ಬರ್ತೈತೇನ್ರಿ?" ಅಂತಲೇ ಕೇಳುತ್ತಿದ್ದರು.

ಹತ್ತು ಕೋರಿನ ಪ್ರೊಸೆಸರ್ ವಿಷಯ

ಸಾವಕಾರರ ಮನಸ್ಸು ನಿಜವಾಗಿ ವಾಲಿದ್ದು ಊರಿನ ಅಂಗಡಿಯವರ ಆ ಆಫರ್ ಕಡೆಗೆ. 4 ಕೋರ್ ಹೋಗಿ 10 ಕೋರ್, ಯಾರಿಗೆ ಬೇಡ? ಅವರು ಬರೆದುಕೊಟ್ಟಿದ್ದು ಇ5-2670 ವಿ2 (ವಿ2 ಅಂದರೆ ಅದೇ ಸಾಲಿನ ಎರಡನೇ ಆವೃತ್ತಿ). ಅದಕ್ಕೆ ಕೋರ್ 10 ಇವೆ ನಿಜ. ಆದರೆ ಮೂಲ ವೇಗ 2.5 ಗಿಗಾಹರ್ಟ್ಸ್, ಟರ್ಬೊದಲ್ಲೂ 3.3. ಈಗಿದ್ದದ್ದು 3.8. ಅಂದರೆ ಟೂಲ್‌ಪಾತ್ ಬೇಗ ಆಗುತ್ತಿತ್ತು, ರೀಬಿಲ್ಡ್ ಇನ್ನೂ ನಿಧಾನ ಆಗುತ್ತಿತ್ತು. ಹುಡುಗ ದಿನಕ್ಕೆ ಹತ್ತಾರು ಸಲ ಒತ್ತುವುದು ರೀಬಿಲ್ಡ್. ದುಡ್ಡು ಕೊಟ್ಟು ಅದನ್ನೇ ಹಾಳು ಮಾಡಿಕೊಂಡ ಹಾಗೆ ಆಗುತ್ತಿತ್ತು.

ಹಾಗಾದರೆ ಇ5-1650 ವಿ2 ಹಾಕಬಹುದಲ್ಲ ಅಂತ ನೋಡಿದೆವು. 6 ಕೋರ್, ಟರ್ಬೊ 3.9. ಎರಡೂ ಕಡೆ ಸ್ವಲ್ಪ ಸ್ವಲ್ಪ ಲಾಭ. ತರಿಸುವ ಮೊದಲು ಬಯೋಸ್‌ಗೆ ಹೋಗಿ ಒಂದು ಸಾಲು ಓದಿದೆವು, ಅಲ್ಲಿಗೆ ಈ ದಾರಿ ಮುಚ್ಚಿತು. ಆ ಕಾಲದ ಕೆಲವು ಬ್ರ್ಯಾಂಡೆಡ್ ವರ್ಕ್‌ಸ್ಟೇಷನ್‌ಗಳಲ್ಲಿ ಬೂಟ್ ಬ್ಲಾಕ್ ಅಂತ ಒಂದು ದಿನಾಂಕ ತೋರಿಸುತ್ತದೆ. 2013 ಅಂತ ಇದ್ದರೆ ವಿ2 ಪ್ರೊಸೆಸರ್ ನಡೆಯುತ್ತದೆ, 2011 ಅಂತ ಇದ್ದರೆ ನಡೆಯುವುದಿಲ್ಲ. ಬಯೋಸ್ ಅಪ್‌ಡೇಟ್ ಮಾಡಿದರೂ ಬೂಟ್ ಬ್ಲಾಕ್ ಬದಲಾಗುವುದಿಲ್ಲ, ಬೋರ್ಡನ್ನೇ ಬದಲಿಸಬೇಕು. ಹೊರಗಿನಿಂದ ನೋಡಿದರೆ ಎರಡೂ ಮಷಿನ್ ಒಂದೇ ಮಾಡೆಲ್, ಒಂದೇ ಡಬ್ಬಿ. ನಮ್ಮದರಲ್ಲಿ 2011 ಇತ್ತು. ಅಂಗಡಿಯವರು ಹೇಳಿದ ಪ್ರೊಸೆಸರೂ ವಿ2. ಹಾಕಿಸಿದ್ದರೆ ಡಿಸ್‌ಪ್ಲೇಯೇ ಬರುತ್ತಿರಲಿಲ್ಲ. ಅಲ್ಲಿಗೆ ಪ್ರೊಸೆಸರ್ ಮಾತು ಮುಗಿಯಿತು.

ಗ್ರಾಫಿಕ್ಸ್ ಕಾರ್ಡಿನದು ಬೇರೆ ಲೆಕ್ಕ. ಕೆ2000 ಕೆಪ್ಲರ್ ತಲೆಮಾರಿನದು. ಎನ್ವಿಡಿಯಾ ಅದಕ್ಕೆ ಡ್ರೈವರ್ ಕೊಡುವುದನ್ನು 470ನೇ ಸರಣಿಗೆ ನಿಲ್ಲಿಸಿದೆ, ಆ ಸರಣಿಯ ಸೆಕ್ಯುರಿಟಿ ಅಪ್‌ಡೇಟ್‌ಗಳೂ 2024ಕ್ಕೆ ಮುಗಿದವು. ಸ್ಕ್ರೀನ್ ಕಪ್ಪಾಗುವುದಕ್ಕೆ ಇದೇ ಕಾರಣ ಅಂತ ಅನುಮಾನ ಇತ್ತು. 8 ಜಿಬಿಯ ಎನ್ವಿಡಿಯಾ ಟಿ1000 ತಂದೆವು, ಮೂವತ್ತು ಸಾವಿರದ ಮೇಲಾಯಿತು. ಇದು 50 ವ್ಯಾಟ್ ಕಾರ್ಡ್, ಮದರ್‌ಬೋರ್ಡ್ ಸ್ಲಾಟ್‌ನಿಂದಲೇ ಪವರ್ ತಗೊಳ್ಳುತ್ತದೆ, ಹಾಗಾಗಿ ಹಳೇ ಪವರ್ ಸಪ್ಲೈ ಮುಟ್ಟುವ ಪ್ರಶ್ನೆಯೇ ಬರಲಿಲ್ಲ. ಹೊಸದು ಯಾವುದು ತಂದರೂ ಇದು ಅದಕ್ಕೆ ಹೋಗುತ್ತದೆ. ಹಾಕಿದ ಮೇಲೆ ಸಾಫ್ಟ್‌ವೇರ್ ಮುಚ್ಚಿಹೋಗುವುದು ನಿಂತಿತು.

ಮಳೆಗಾಲದ ಹೊತ್ತಿಗೆ ಲೆಕ್ಕ ಹೀಗಿತ್ತು: ಅಸೆಂಬ್ಲಿ ತೆರೆಯಲು ಆರು ನಿಮಿಷದಿಂದ ಒಂದೂವರೆಗೆ ಇಳಿದಿತ್ತು, ಕ್ರ್ಯಾಶ್ ಇಲ್ಲ, ಟೂಲ್‌ಪಾತ್ ಮೂವತ್ತೈದು ನಿಮಿಷ. ರೀಬಿಲ್ಡ್ ಮಾತ್ರ ಮೂರು ನಿಮಿಷಕ್ಕೆ ಹತ್ತಿರವೇ ನಿಂತಿತ್ತು, ಅದು ಇಳಿಯುವ ದಾರಿಯೇ ಉಳಿದಿರಲಿಲ್ಲ. ಸಾವಕಾರರು ಖುಷಿಯಾಗಿ, "ಇನ್ನ ಹೊಸಾದು ಯಾಕ ಬೇಕ್ರಿ?" ಅಂದರು. ಆ ದಿನಕ್ಕೆ ಅವರ ಮಾತು ಸರಿಯಾಗೇ ಇತ್ತು. ನಾನೂ ಒತ್ತಾಯ ಮಾಡಲಿಲ್ಲ.

ತಿರುವು

ಎರಡು ವಿಷಯ ಒಂದರ ಹಿಂದೆ ಒಂದು ಬಂದವು.

ಪುಣೆ ಕಡೆಯ ಒಬ್ಬ ಗಿರಾಕಿ ತಮ್ಮ ಕ್ಯಾಡ್ ಸಾಫ್ಟ್‌ವೇರ್ ಹೊಸ ವರ್ಷನ್‌ಗೆ ಏರಿಸಿ ಆ ಫೈಲ್‌ಗಳನ್ನೇ ಕಳಿಸಲು ಶುರು ಮಾಡಿದರು. ಹೊಸ ವರ್ಷನ್‌ನಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ಸರಿಯಾಗಿ ತೆರೆಯುವುದಿಲ್ಲ. ಸ್ಟೆಪ್ ಫೈಲ್ (ಬಹುತೇಕ ಎಲ್ಲ ಕ್ಯಾಡ್‌ಗಳೂ ಓದುವ ಮಾದರಿ) ಕಳಿಸಿ ಅಂತ ಕೇಳಬಹುದು, ಕೇಳಿದೆವು, ಕಳಿಸಿದರು ಕೂಡ. ಆದರೆ ಸ್ಟೆಪ್‌ನಲ್ಲಿ ಆಕಾರ ಮಾತ್ರ ಬರುತ್ತದೆ, ಫೀಚರ್‌ಗಳ ಇತಿಹಾಸ ಬರುವುದಿಲ್ಲ. ಪ್ಯಾಟರ್ನ್‌ಗೆ ಶ್ರಿಂಕೇಜ್ ಅಲೊವೆನ್ಸ್ (ಲೋಹ ಆರಿ ಕುಗ್ಗುವುದಕ್ಕೆ ಬಿಡುವ ಅಳತೆ), ಡ್ರಾಫ್ಟ್ (ಅಚ್ಚಿನಿಂದ ಬಿಡಿಸಲು ಕೊಡುವ ಇಳಿಜಾರು) ಕೊಟ್ಟು ಮಾಡೆಲ್ ತಿದ್ದುವವರಿಗೆ ಆ ಇತಿಹಾಸ ಇಲ್ಲದಿದ್ದರೆ ಕೆಲಸ ದುಪ್ಪಟ್ಟು. ಸಾಫ್ಟ್‌ವೇರ್ ಏರಿಸಲೇಬೇಕಾಯಿತು. ಹೊಸ ವರ್ಷನ್ ಇನ್ನೂ ಭಾರ.

ಎರಡನೆಯದು ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಒಂದು ಸೆಕ್ಯುರಿಟಿ ಚಿಪ್) ಬೇಕು, ಇಂಟೆಲ್ ಕೋರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಯದು ಬೇಕು. 2012ರ ಝಿಯಾನ್ ಆ ಪಟ್ಟಿಯ ಹತ್ತಿರವೂ ಬರುವುದಿಲ್ಲ. ಪರೀಕ್ಷೆ ತಪ್ಪಿಸಿ ಹಾಕಿ ಕೊಡುತ್ತೇವೆ ಅನ್ನುವವರು ಊರಲ್ಲಿ ಇದ್ದಾರೆ, ಹಾಕಲೂ ಆಗುತ್ತದೆ. ಆದರೆ ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟ್ ತಾನೇ ಹೇಳುತ್ತದೆ. ಮನೆಯ ಕಂಪ್ಯೂಟರಿಗೆ ಬೇಕಾದರೆ ಮಾಡಿಕೊಳ್ಳಿ. ಗಿರಾಕಿಗಳ ಡ್ರಾಯಿಂಗ್ ಇರುವ, ದಿನವೂ ಇಮೇಲ್ ತೆರೆಯುವ, ನಿಂತರೆ ಶಾಪೇ ನಿಲ್ಲುವ ಮಷಿನ್‌ಗೆ ನಾನು ಬೇಡ ಅಂತಲೇ ಹೇಳುತ್ತೇನೆ. ದುಡ್ಡು ಕೊಟ್ಟು ಅಪ್‌ಡೇಟ್ ಪಡೆಯುವ ದಾರಿಯೂ ಇತ್ತು. ಕಂಪನಿಗಳಿಗೆ ಮೊದಲ ವರ್ಷ ಒಂದು ಕಂಪ್ಯೂಟರಿಗೆ 61 ಡಾಲರ್, ಆಮೇಲೆ ಪ್ರತಿ ವರ್ಷ ದುಪ್ಪಟ್ಟು, ಅದೂ ಮೂರು ವರ್ಷ ಮಾತ್ರ. ಅಂದರೆ ಡಬ್ಬಿಯ ಜೊತೆಗೇ ಸಾಯುವ ಖರ್ಚು.

ಇಷ್ಟಾದರೂ ಸಾವಕಾರರು ಅಲ್ಲಾಡಲಿಲ್ಲ. ಅವರನ್ನು ಒಪ್ಪಿಸಿದ್ದು ನನ್ನ ಮಾತೂ ಅಲ್ಲ, ಮೈಕ್ರೋಸಾಫ್ಟೂ ಅಲ್ಲ. ಒಂದು ಸಂಜೆ ನಾಲ್ಕರ ಮೇಲೆ ಗಿರಾಕಿಯಿಂದ ರಿವಿಷನ್ ಬಂತು, ಪ್ಯಾಟರ್ನ್ ಆಗಲೇ ಟೇಬಲ್ ಮೇಲೆ ಕ್ಲ್ಯಾಂಪ್ ಆಗಿ ಕೂತಿತ್ತು, ಮಾಡೆಲ್ ತಿದ್ದಿ, ರೀಬಿಲ್ಡ್ ಕೊಟ್ಟು, ಟೂಲ್‌ಪಾತ್ ಹಾಕಿ, ಸಿಮ್ಯುಲೇಷನ್‌ನಲ್ಲಿ ಒಂದು ಕಡೆ ಗೌಜ್ (ಟೂಲ್ ಬೇಡದ ಕಡೆ ಕೊರೆಯುವುದು) ಕಂಡು ಮತ್ತೆ ಮೊದಲಿಂದ ಮಾಡಿ, ಪ್ರೋಗ್ರಾಂ ವಿಎಂಸಿಗೆ ಹೋಗುವ ಹೊತ್ತಿಗೆ ಸೆಕೆಂಡ್ ಶಿಫ್ಟ್‌ನ ಅರ್ಧ ಮುಗಿದಿತ್ತು. ಆಪರೇಟರ್ ಸುಮ್ನೆ ಕೂತಿದ್ದ. ಸಾವಕಾರರು ತಮ್ಮ ವಿಎಂಸಿಯ ಗಂಟೆಯ ದರವನ್ನು 500 ರೂಪಾಯಿ ಹಿಡಿಯುತ್ತಾರೆ. ಅವತ್ತು ರಾತ್ರಿ ಅವರೇ ಡೈರಿ ತೆಗೆದು, ತಿಂಗಳಲ್ಲಿ ಇಂಥ ಕಾಯುವಿಕೆ ಎಷ್ಟು ಗಂಟೆ ಅಂತ ಹುಡುಗನ ಹತ್ತಿರ ಕೇಳಿ ಬರೆದರು. ಕಡಿಮೆ ಹಿಡಿದರೂ ಇಪ್ಪತ್ತು ಗಂಟೆ ದಾಟಿತು. ತಿಂಗಳಿಗೆ ಹತ್ತು ಸಾವಿರ. ಮರುದಿನ ಫೋನ್ ಮಾಡಿ, "ಹೊಸಾದು ನೋಡ್ರಿ" ಅಂದರು, ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, ಆ ಡೈರಿಯ ಪುಟ ಬೇಸಿಗೆಯಲ್ಲೇ ಬರೆಯಬಹುದಾದದ್ದು. ಆದರೆ ಆಗ ಅದರಲ್ಲಿ ಧೂಳಿನ ಗಂಟೆ, ಡಿಸ್ಕಿನ ಗಂಟೆ, ಪ್ರೊಸೆಸರಿನ ಗಂಟೆ ಎಲ್ಲ ಕಲಸಿಕೊಂಡಿರುತ್ತಿತ್ತು. ಅಗ್ಗದ ರಿಪೇರಿಗಳು ಮುಗಿದ ಮೇಲೂ ಉಳಿದ ಗಂಟೆ ಯಾವುದೋ, ಹೊಸ ಮಷಿನ್‌ನ ಲೆಕ್ಕಕ್ಕೆ ಬರಬೇಕಾದದ್ದು ಅದು ಮಾತ್ರ.

ಹೊಸದರ ಆಯ್ಕೆ

ಈಗ ಏನು ಬೇಕು ಅಂತ ಗೊತ್ತಿತ್ತು, ಹಾಗಾಗಿ ಆಯ್ಕೆ ಸುಲಭ ಆಯಿತು. ಒಂದು ಕೋರಿನ ವೇಗ ಮೊದಲು, ಕೋರ್ ಸಂಖ್ಯೆ ಆಮೇಲೆ. ಎರಡೂವರೆ ಲಕ್ಷದ ಕೊಟೇಶನ್‌ನಲ್ಲಿದ್ದ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ, ಟಿ1000 ಕೈಯಲ್ಲೇ ಇದೆ. ತೆಗೆದುಕೊಂಡದ್ದು ಇಂಟೆಲ್ ಐ7-14700 ಇರುವ ಬ್ರ್ಯಾಂಡೆಡ್ ಎಂಟ್ರಿ ಲೆವೆಲ್ ಟವರ್ ವರ್ಕ್‌ಸ್ಟೇಷನ್. 20 ಕೋರ್, ಟರ್ಬೊ 5.4 ಗಿಗಾಹರ್ಟ್ಸ್. 16 ಜಿಬಿಯ ಎರಡು ಡಿಡಿಆರ್5 ಸ್ಟಿಕ್, ಎರಡು ಸ್ಲಾಟ್ ಖಾಲಿ. 1 ಟಿಬಿ ಎನ್‌ವಿಎಂಇ. ಮೂರು ವರ್ಷ ಆನ್‌ಸೈಟ್ ವಾರಂಟಿ. ಜಿಎಸ್‌ಟಿ ಬಿಟ್ಟು ಒಂದು ಲಕ್ಷ ಮೂವತ್ತೈದು ಸಾವಿರ.

ಗೇಮಿಂಗ್ ಪಿಸಿ ಅಂದ ಅಕ್ಕನ ಮಗನ ಮಾತನ್ನು ನಾವು ಸುಮ್ನೆ ತಳ್ಳಿಹಾಕಲಿಲ್ಲ. ಬರೀ ವೇಗದ ಲೆಕ್ಕದಲ್ಲಿ ಅವನದೇ ಸರಿ, ಅದೇ ಪ್ರೊಸೆಸರ್ ಅಸೆಂಬಲ್ ಮಾಡಿಸಿದರೆ ಇಪ್ಪತ್ತೈದು ಸಾವಿರ ಉಳಿಯುತ್ತಿತ್ತು. ಕ್ಯಾಡ್ ಕಂಪನಿಗಳು ಪರೀಕ್ಷೆ ಮಾಡಿ ಸರ್ಟಿಫೈ ಮಾಡುವುದು ಪ್ರೊಫೆಷನಲ್ ಕಾರ್ಡ್‌ಗಳನ್ನು, ಗೇಮಿಂಗ್ ಕಾರ್ಡ್‌ಗಳನ್ನಲ್ಲ, ಅದು ಒಂದು ಕಾರಣ. ಆದರೆ ನಿರ್ಧಾರ ಮಾಡಿಸಿದ್ದು ವಾರಂಟಿ. ಅಸೆಂಬಲ್ ಮಾಡಿದ್ದರಲ್ಲಿ ಬೋರ್ಡ್ ಹೋದರೆ ಬೋರ್ಡ್ ಕಂಪನಿಗೆ, ರ‍್ಯಾಮ್ ಹೋದರೆ ರ‍್ಯಾಮ್ ಕಂಪನಿಗೆ ಕಳಿಸಿ ಕಾಯಬೇಕು. ಆನ್‌ಸೈಟ್ ಅಂತ ಬರೆದಿದ್ದನ್ನೂ ಹಾಗೇ ನಂಬಬಾರದು. ಇಂಜಿನಿಯರ್ ಬೆಳಗಾವಿಯಲ್ಲೇ ಇದ್ದಾರಾ, ಹುಬ್ಬಳ್ಳಿಯಿಂದ ಬರಬೇಕಾ, ಉದ್ಯಮಬಾಗದ ಪಿನ್‌ಕೋಡ್ ಮರುದಿನದ ಸೇವೆಯ ಪಟ್ಟಿಯಲ್ಲಿದೆಯಾ ಅಂತ ಇಮೇಲ್‌ನಲ್ಲಿ ಬರೆಸಿಕೊಂಡೆವು.

ಬಿಲ್ ವಿಷಯ ಚಿಕ್ಕದಾಗಿ ಕಾಣುತ್ತದೆ, ಚಿಕ್ಕದಲ್ಲ. ಕಂಪ್ಯೂಟರಿಗೆ 18% ಜಿಎಸ್‌ಟಿ, ಅಂದರೆ 24,300 ರೂಪಾಯಿ. ಜಿಎಸ್‌ಟಿ ನಂಬರ್ ಇರುವ ಶಾಪಿಗೆ ಅದು ಇನ್‌ಪುಟ್ ಕ್ರೆಡಿಟ್ (ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವುದು) ಆಗಿ ಸಿಗುತ್ತದೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ 40% ಡೆಪ್ರಿಸಿಯೇಷನ್ (ಸವಕಳಿ) ಕೂಡ ಇದೆ. ಬಿಲ್ ಇಲ್ಲದೆ ತಂದ ಸೆಕೆಂಡ್ ಹ್ಯಾಂಡ್ ರ‍್ಯಾಮ್‌ಗೆ ಇವೆರಡೂ ಇಲ್ಲ. ಹಳೆಯದರ ಅಗ್ಗ, ಹೊಸದರ ತುಟ್ಟಿ ಅಂತ ನಾವು ಹೋಲಿಸುವಾಗ ಈ ಸಾಲು ಬಿಟ್ಟೇ ಹೋಗಿರುತ್ತದೆ.

ಇನ್ನೊಂದು ಮಾತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಜಾಸ್ತಿ ವೋಲ್ಟೇಜ್‌ನಿಂದ ಚಿಪ್ ಹದಗೆಡುವ ತೊಂದರೆ ಇತ್ತು, 2024ರಲ್ಲಿ ಇಂಟೆಲ್ ಅದನ್ನು ಒಪ್ಪಿ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಸೂಚನೆಗಳ) ತಿದ್ದುಪಡಿ ಕೊಟ್ಟಿತು, ಅದು ಬಯೋಸ್ ಅಪ್‌ಡೇಟ್ ಜೊತೆ ಬರುತ್ತದೆ. ಹಾಗಾಗಿ ಡಬ್ಬಿ ಬಿಚ್ಚಿದ ದಿನವೇ, ಕ್ಯಾಡ್ ಹಾಕುವುದಕ್ಕೂ ಮೊದಲು, ಬಯೋಸ್ ಅಪ್‌ಡೇಟ್.

ಸ್ಥಳಾಂತರ, ಮತ್ತು ಹಳೆಯದರ ಎರಡನೇ ನೌಕರಿ

ಮಷಿನ್ ಬಂದ ಮೇಲೆ ಕೆಲಸ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಜಾಸ್ತಿ ಹೊತ್ತು ತಿಂದದ್ದು ಇದೇ. ಕ್ಯಾಡ್ ಲೈಸೆನ್ಸನ್ನು ಹಳೆಯದರಲ್ಲಿ ಡಿಆಕ್ಟಿವೇಟ್ ಮಾಡಿ ಹೊಸದಕ್ಕೆ ತರುವುದು ಸುಲಭ. ಕ್ಯಾಮ್‌ನ ಪೋಸ್ಟ್ ಪ್ರೊಸೆಸರ್ ಸುಲಭ ಅಲ್ಲ. ಟೂಲ್‌ಪಾತನ್ನು ಆ ವಿಎಂಸಿಗೆ ಅರ್ಥವಾಗುವ ಜಿ-ಕೋಡ್ ಮಾಡುವ ಫೈಲ್ ಅದು. ಅದನ್ನು ವರ್ಷಗಳ ಹಿಂದೆ ತಿದ್ದಿಟ್ಟ ಪ್ರೋಗ್ರಾಮರ್ ಕೆಲಸ ಬಿಟ್ಟು ಹೋಗಿದ್ದ. ಹೊಸ ವರ್ಷನ್ ತನ್ನದೇ ಹೊಸ ಪೋಸ್ಟ್ ಕೊಟ್ಟಿತು, ಅದರಲ್ಲಿ ಟೂಲ್ ಬದಲಿಸುವ ಮೊದಲು ಝೆಡ್ (ಟೂಲ್ ಮೇಲೆ ಕೆಳಗೆ ಹೋಗುವ ದಿಕ್ಕು) ಮೇಲೆ ಹೋಗುವ ಸಾಲು ಬೇರೆ ಥರ ಬರುತ್ತಿತ್ತು. ಇದನ್ನು ಗಮನಿಸದೆ ಓಡಿಸಿದ್ದರೆ ಸ್ಪಿಂಡಲ್ ಹೋಗಿ ಫಿಕ್ಸ್ಚರ್‌ಗೆ ಬಡಿಯುತ್ತಿತ್ತು. ಹಳೇ ಮಷಿನ್‌ನ ಪ್ರೋಗ್ರಾಂ, ಹೊಸ ಮಷಿನ್‌ನ ಪ್ರೋಗ್ರಾಂ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ, ಆಮೇಲೆ ಝೆಡ್ ಆಫ್‌ಸೆಟ್ ಮೇಲೆತ್ತಿ ಗಾಳಿಯಲ್ಲಿ ಓಡಿಸಿ ನೋಡಿದರು. ಹೊಸದು ಬಂದ ಮೇಲೂ ಹಳೆಯದನ್ನು ಕೂಡಲೇ ಬಿಚ್ಚಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಅದನ್ನು ಗುಜರಿಗೆ ಹಾಕಲೂ ಇಲ್ಲ. ಶಾಪಿನ ಒಂದು ಹಳೇ ವಿಎಂಸಿಗೆ ಪ್ರೋಗ್ರಾಂ ಹೋಗುವುದು ಆರ್‌ಎಸ್-232 ಅನ್ನುವ ಹಳೇ ಸೀರಿಯಲ್ ಕೇಬಲ್‌ನಲ್ಲಿ. ಅದರ ಮೆಮೊರಿ ಚಿಕ್ಕದು, ದೊಡ್ಡ ಪ್ಯಾಟರ್ನ್ ಪ್ರೋಗ್ರಾಂ ಹಿಡಿಸುವುದಿಲ್ಲ, ಹಾಗಾಗಿ ಕಂಪ್ಯೂಟರ್ ಸಾಲು ಸಾಲಾಗಿ ಉಣಿಸುತ್ತಾ ಇರಬೇಕು. ಹೊಸ ಮಷಿನ್‌ಗೆ ಸೀರಿಯಲ್ ಪೋರ್ಟೇ ಇಲ್ಲ. ಅಗ್ಗದ ಯುಎಸ್‌ಬಿ ಕನ್ವರ್ಟರ್ ಹಾಕಿ ನೋಡಿದರೆ ಗಂಟೆಗಟ್ಟಲೆ ಓಡುವ ಪ್ರೋಗ್ರಾಂ ನಡುವೆ ನಿಂತುಬಿಡುತ್ತಿತ್ತು, ಕೆತ್ತನೆಯ ಮೇಲೆ ಟೂಲ್ ನಿಂತ ಗುರುತು ಬೀಳುತ್ತಿತ್ತು. ಹಳೇ ವರ್ಕ್‌ಸ್ಟೇಷನ್‌ನ ಹಿಂದೆ ಒಂಬತ್ತು ಪಿನ್ನಿನ ಪೋರ್ಟ್ ಇದೆ. ಈಗ ಅದರ ಕೆಲಸ ಅದೇ. ಮಾನಿಟರಿಗಾಗಿ ಹಳೇ ಕೆ2000 ಮತ್ತೆ ಅದರೊಳಗೇ ಕೂತಿದೆ. ಇಂಟರ್ನೆಟ್ ತೆಗೆದುಹಾಕಿದ್ದೇವೆ, ಹಾಗಾಗಿ ವಿಂಡೋಸ್ 10 ಮುಗಿದ ಚಿಂತೆಯೂ ದೊಡ್ಡದಲ್ಲ. ಪೆನ್‌ಡ್ರೈವ್ ಮಾತ್ರ ಒಂದೇ, ಅದಕ್ಕೆ ಕೆಂಪು ಟೇಪ್ ಸುತ್ತಿದೆ, ಬೇರೆ ಯಾವುದೂ ಚುಚ್ಚುವ ಹಾಗಿಲ್ಲ.

ಹೊಸ ಮಷಿನ್ ಜೊತೆ ಆನ್‌ಲೈನ್ ಮಾದರಿಯ ಯುಪಿಎಸ್ ಕೂಡ ಹಾಕಿಸಿದೆವು. ಮಳೆಗಾಲದಲ್ಲಿ ಹೆಸ್ಕಾಂ ಕರೆಂಟ್ ಕಣ್ಣು ಮಿಟುಕಿಸಿದಾಗೆಲ್ಲ ಹಳೇ ಯುಪಿಎಸ್‌ನ ಸತ್ತ ಬ್ಯಾಟರಿ ಕೈ ಕೊಡುತ್ತಿತ್ತು, ಒಮ್ಮೆ ಅರ್ಧ ಸೇವ್ ಆದ ಅಸೆಂಬ್ಲಿ ಕೆಟ್ಟು ಬ್ಯಾಕಪ್‌ನಿಂದ ತೆಗೆಯಬೇಕಾಗಿತ್ತು.

ಈಗ

ಅಸೆಂಬ್ಲಿ ಅರ್ಧ ನಿಮಿಷದೊಳಗೆ ತೆರೆಯುತ್ತದೆ. ರೀಬಿಲ್ಡ್ ಒಂದು ನಿಮಿಷದ ಸ್ವಲ್ಪ ಮೇಲೆ. ಟೂಲ್‌ಪಾತ್ ಏಳೆಂಟು ನಿಮಿಷ. ಗಮನಿಸಿ, ರೀಬಿಲ್ಡ್ ಎರಡೂವರೆ ಪಟ್ಟು ಮಾತ್ರ ಬೇಗ ಆಯಿತು, ಟೂಲ್‌ಪಾತ್ ನಾಲ್ಕು ಪಟ್ಟಿಗೂ ಮೇಲೆ. ಹದಿಮೂರು ವರ್ಷದಲ್ಲಿ ಒಂದು ಕೋರಿನ ವೇಗ ಅಷ್ಟೇ ಏರಿದ್ದು. ಬರೀ ಪಾರ್ಟ್ ಮಾಡೆಲಿಂಗ್ ಮಾಡುವ ಶಾಪ್ ಆಗಿದ್ದರೆ, ಎಸ್‌ಎಸ್‌ಡಿ ಹಾಕಿದ ಹಳೇ ಮಷಿನ್ ಇನ್ನೊಂದು ವರ್ಷ ಎಳೆಯಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಇವರಿಗೆ ಕ್ಯಾಮ್ ಇತ್ತು, ಅದಕ್ಕೇ ಲೆಕ್ಕ ಬೇರೆ ಆಯಿತು.

ಒಂದು ವಿಷಯ ನಾವು ಅಂದುಕೊಂಡ ಹಾಗೆ ಆಗಲಿಲ್ಲ. ಖಾಲಿ ಬಿಟ್ಟ ಎರಡು ಸ್ಲಾಟ್‌ಗೆ ದೀಪಾವಳಿ ಕಳೆದ ಮೇಲೆ ಇನ್ನೊಂದು 32 ಜಿಬಿ ಹಾಕೋಣ, ಅಷ್ಟರಲ್ಲಿ ಅಗ್ಗ ಆಗಿರುತ್ತದೆ ಅಂತ ಸಾವಕಾರರು ಇದ್ದರು. ಆಗಿದ್ದು ಉಲ್ಟಾ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ಡಿಡಿಆರ್5 ಬೆಲೆ ಎರಡು ಪಟ್ಟನ್ನೂ ದಾಟಿತು. ಡಿಸೆಂಬರ್‌ನಲ್ಲಿ ಅವರು ಫೋನ್ ಮಾಡಿ, ಈಗಲೇ ತಗೊಳ್ಳೋದಾ, ತಡೆಯೋದಾ ಅಂತ ಕೇಳಿದರು. ಹುಡುಗನಿಗೆ ಒಂದು ತಿಂಗಳು ದಿನದ ಕೊನೆಗೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದ ಫೋಟೋ ತೆಗೆದು ಕಳಿಸಲು ಹೇಳಿದ್ದೇನೆ, ದೊಡ್ಡ ಅಸೆಂಬ್ಲಿ ತೆರೆದಿರುವಾಗಲೇ ತೆಗೆಯಬೇಕು ಅಂತ. ಈವರೆಗೆ ಬಂದವುಗಳಲ್ಲಿ 24 ಜಿಬಿ ದಾಟಿಲ್ಲ. 28 ದಾಟುವುದು ದಿನನಿತ್ಯ ಆದರೆ ಎಷ್ಟೇ ಬೆಲೆ ಇದ್ದರೂ ತರುತ್ತೇವೆ, ಅಲ್ಲಿಯವರೆಗೆ ಇಲ್ಲ.